ಹತ್ತಿಯ ಬೀಜ ಮತ್ತು ನರಗುಂದ ಸೀಮೆ: ಅನುವಂಶಶಾಸ್ತ್ರದ ಮೂಲಭಾವನೆಗಳಿಗೆ ಇತಿಹಾಸದ ದಾರಿಯಿಂದ ಒಂದು ಪ್ರವೇಶ

ಗದಗ ಜಿಲ್ಲೆಯ ನರಗುಂದ ತಾಲೂಕಿನಲ್ಲಿ ಚಿಕ್ಕನರಗುಂದವೆಂಬ ಗ್ರಾಮವಿದೆ. ೧೯೮೦ನೆಯ ಇಸವಿಯ ಜುಲೈ ೨೧ರಂದು ನರಗುಂದ ಪಟ್ಟಣದಲ್ಲಿ ನಡೆದ ಗೋಲೀಬಾರಿನಲ್ಲಿ ಮಡಿದ ರೈತರಾದ ವೀರಪ್ಪ ಬಸಪ್ಪ ಕಡ್ಲಿಕೊಪ್ಪ ಅವರು ಈ ಗ್ರಾಮದವರು. ಅದೇ ದಿನ ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿಯವರು ಮಡಿದರು. ಕರ್ನಾಟಕದ ರೈತ ಚಳವಳಿಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಈ ದಿನದಿಂದಲೇ ಆರಂಭಿಸುವರು; ಅದು ಯುಕ್ತವೂ ಆಗಿದೆ. ಅಂತಹ ಬರೆಹಗಳಲ್ಲಿ ಮಲಪ್ರಭೆಯ ಕಾಲುವೆ, ಅಭಿವೃದ್ಧಿ ಕರ, ನೀರಿನ ಕರದ ಬಾಕಿ, ಅಧಿಕಾರಿಗಳ ನಡೆವಳಿಕೆ ಇವೆಲ್ಲ ವಿಸ್ತಾರವಾಗಿ ಬರುತ್ತವೆ. ಅವುಗಳ ನಡುವೆ 'ವರಲಕ್ಷ್ಮಿ ಹತ್ತಿಯ ಬೆಲೆಯೂ ಕುಸಿದಿತ್ತು' ಎಂಬುದೊಂದು ವಾಕ್ಯವಿರುತ್ತದೆ. ಆ ವಾಕ್ಯವು ಅಲ್ಲಿಗೇ ನಿಂತುಹೋಗುತ್ತದೆ. ವರಲಕ್ಷ್ಮಿ ಎಂದರೇನು, ಅದು ಎಲ್ಲಿಂದ ಬಂದಿತು, ಅದನ್ನು ಬಿತ್ತಿದ ರೈತನು ತನ್ನ ತಂದೆಗಿಂತ ಯಾವ ಬಗೆಯಲ್ಲಿ ಬೇರೆಯಾದ ಒಕ್ಕಲುತನವನ್ನು ಮಾಡುತ್ತಿದ್ದನು ಎಂಬ ಪ್ರಶ್ನೆಗಳನ್ನು ಇತಿಹಾಸಕಾರರಾದ ನಾವು ಕೃಷಿವಿಜ್ಞಾನಿಗಳಿಗೆ ಬಿಟ್ಟುಕೊಟ್ಟಿದ್ದೇವೆ.

ಹೀಗೆ ಬಿಟ್ಟುಕೊಟ್ಟುದರ ಕಾರಣವು ಸ್ಪಷ್ಟವೇ ಇದೆ. ಇತಿಹಾಸವನ್ನು ಓದುವವರಲ್ಲಿ ಹೆಚ್ಚಿನವರು ಜೀವಶಾಸ್ತ್ರಕ್ಕೆ ಹತ್ತನೆಯ ತರಗತಿಯಲ್ಲಿಯೇ ನಮಸ್ಕಾರ ಹೇಳಿದವರು. ಪ್ರಸ್ತುತ ಲೇಖಕನೂ ಅವರಲ್ಲಿ ಒಬ್ಬನು. ಆದರೆ ಬೀಜವೂ ಒಂದು ದಾಖಲೆಯೇ ಎಂಬುದನ್ನು ಒಪ್ಪುವುದಾದರೆ, ಆ ದಾಖಲೆಯ ಲಿಪಿಯನ್ನು ಕಲಿಯುವ ಕಷ್ಟವನ್ನು ನಾವು ತೆಗೆದುಕೊಳ್ಳಲೇಬೇಕು. ಶಾಸನವನ್ನು ಓದಲು ಹಳಗನ್ನಡದ ಲಿಪಿಯನ್ನು ಕಲಿಯುವುದಿಲ್ಲವೇ? ಈ ಲೇಖನದಲ್ಲಿ ಅನುವಂಶಶಾಸ್ತ್ರ, ಅಣುಜೀವಶಾಸ್ತ್ರ ಮತ್ತು ಜೈವಿಕ ತಂತ್ರಜ್ಞಾನಗಳ ಕೆಲವು ಮೂಲಭಾವನೆಗಳನ್ನು ನರಗುಂದ ಸೀಮೆಯ ಹತ್ತಿಯ ಇತಿಹಾಸದ ಮೂಲಕವೇ ಪರಿಚಯ ಮಾಡಿಕೊಳ್ಳಲು ಯತ್ನಿಸಲಾಗಿದೆ.

'ನರಗುಂದ ಬಂಡಾಯ'ವೆಂಬ ಹೆಸರು ಎರಡು ಘಟನೆಗಳಿಗೆ ಸಲ್ಲುವುದೆಂಬುದನ್ನು ಮೊದಲು ನೆನೆಯಬೇಕು. ೧೮೫೮ರಲ್ಲಿ ಇಲ್ಲಿಯ ಅರಸನಾದ ಭಾಸ್ಕರರಾವ್ ಭಾವೆ, ಅಂದರೆ ಬಾಬಾಸಾಹೇಬನು, ದತ್ತು ತೆಗೆದುಕೊಳ್ಳಲು ಕಂಪನಿ ಸರಕಾರದ ಅನುಮತಿಯನ್ನು ಕೇಳಿ ನಿರಾಕರಿಸಲ್ಪಟ್ಟು ದಂಗೆಯೆದ್ದನು. ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟನಾದ ಮ್ಯಾನ್ಸನ್ನನು ಹತನಾದನು. ಜೂನ್ ತಿಂಗಳಲ್ಲಿ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಹುಟ್ಟಿನಿಂದ ಬಂದ ವಾರಸು ಮಾತ್ರ ವಾರಸು, ಬೇರೆಡೆಯಿಂದ ತಂದು ಮನೆಯವನನ್ನಾಗಿ ಮಾಡಿಕೊಂಡವನಿಗೆ ಹಕ್ಕಿಲ್ಲ ಎಂಬುದು ಆ ವ್ಯಾಜ್ಯದ ತಿರುಳು. ಇದೇ ಕಂಪನಿ ಸರಕಾರವು ಅದೇ ದಶಕಗಳಲ್ಲಿ ಇದೇ ಧಾರವಾಡ ಪ್ರಾಂತದ ಎರೆಭೂಮಿಗೆ ಅಮೇರಿಕದ ಹತ್ತಿಯನ್ನು ದತ್ತುಕೊಡಲು ಹೆಣಗುತ್ತಿದ್ದಿತೆಂಬುದು ಇತಿಹಾಸದ ಒಂದು ಸಣ್ಣ ವಿನೋದ.

ಈ ಸೀಮೆಯ ಹಳೆಯ ಹತ್ತಿಯನ್ನು ವ್ಯಾಪಾರಸ್ಥರು 'ಕುಮಟಾ' ಎಂದು ಕರೆದರು. ಕುಮಟೆಯಲ್ಲಿ ಹತ್ತಿ ಬೆಳೆಯುತ್ತಿತ್ತೆಂದಲ್ಲ. ಘಟ್ಟವಿಳಿದ ಅರಳೆಯು ಆ ಬಂದರಿನಿಂದ ಹಡಗು ಹತ್ತುತ್ತಿದ್ದುದರಿಂದ ಬಂದ ಹೆಸರದು. ರೈತರಿಗೆ ಮಾತ್ರ ಅದು ಜವಾರಿ ಹತ್ತಿ. ಆಗಸ್ಟ್-ಸೆಪ್ಟೆಂಬರಿನಲ್ಲಿ ಬಿತ್ತಿದರೆ ಎರೆಮಣ್ಣು ಹಿಡಿದಿಟ್ಟ ಹಸಿಯನ್ನೇ ನಂಬಿ ಬೆಳೆದು, ಫೆಬ್ರುವರಿಯಿಂದ ಮುಂದಕ್ಕೆ ಬಿಡಿಸಲು ಬರುತ್ತಿದ್ದಿತು. ಚಪ್ಪಟೆಯಾದ ಕಲ್ಲಿನ ಮೇಲೆ ಹತ್ತಿಯನ್ನು ಹರಡಿ, ಕಬ್ಬಿಣದ ಸಲಾಕೆಯನ್ನು ಕಾಲಿನಿಂದ ಉರುಳಿಸಿ, ಹೆಂಗಸರು ಕಾಳನ್ನು ಅರಳೆಯಿಂದ ಬೇರ್ಪಡಿಸುತ್ತಿದ್ದರು. ಕೆಲಸ ನಿಧಾನ, ಆದರೆ ಕಾಳು ಒಡೆಯುತ್ತಿರಲಿಲ್ಲ, ಮುಂದಿನ ವರ್ಷದ ಬಿತ್ತನೆಗೆ ಮನೆಯಲ್ಲಿಯೇ ಉಳಿಯುತ್ತಿದ್ದಿತು.

ಮ್ಯಾಂಚೆಸ್ಟರಿನ ಯಂತ್ರಗಳಿಗೆ ಜವಾರಿ ಹತ್ತಿಯ ಎಳೆ ಮೋಟಾಯಿತು. ಈಸ್ಟ್ ಇಂಡಿಯಾ ಕಂಪನಿಯು ೧೮೪೦ರಲ್ಲಿ ಅಮೇರಿಕದಿಂದ ಹತ್ತಿ ಬೇಸಾಯಗಾರರನ್ನು ಕರೆಯಿಸಿ ಹಿಂದುಸ್ಥಾನದ ಬೇರೆಬೇರೆ ಪ್ರಾಂತಗಳಿಗೆ ಕಳುಹಿಸಿತು. ಹುಬ್ಬಳ್ಳಿಯ ಹತ್ತಿರದ ಕುಸುಗಲ್ಲಿನಲ್ಲಿ ಪ್ರಾಯೋಗಿಕ ಹೊಲವು ಆರಂಭವಾಯಿತು. ಧಾರವಾಡದ ಕಲೆಕ್ಟರನಾದ ಶಾ ಎಂಬವನು ಈ ಕಾರ್ಯದಲ್ಲಿ ವಿಶೇಷ ಆಸ್ಥೆಯನ್ನು ತೋರಿದನು. ಬೇರೆ ಕಡೆಗಳಲ್ಲಿ ಬಹುತೇಕ ಕೈಸೋತ ಈ ಪ್ರಯತ್ನವು ಧಾರವಾಡದಲ್ಲಿ ಬೇರೂರಿತು. ನ್ಯೂ ಆರ್ಲಿಯನ್ಸಿನ ಬೀಜದಿಂದ ಬೆಳೆದ ಈ ಬೆಳೆಗೆ ಪೇಟೆಯಲ್ಲಿ 'ಧಾರವಾಡ-ಅಮೇರಿಕನ್' ಎಂದು ಹೆಸರಾಯಿತು. ಒಕ್ಕಲಿಗರು 'ವಿಲಾಯತಿ ಹತ್ತಿ' ಎಂದರು. ವಿಲಾಯತಿಯ ಅರಳೆ ಕಾಳಿಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಕಾಲಿನ ಸಲಾಕೆಗೆ ಅದು ಬಗ್ಗಲಿಲ್ಲ. ಗರಗಸದ ಹಲ್ಲುಗಳುಳ್ಳ ಜಿನ್ನು ಬೇಕಾಯಿತು. ಅಮೇರಿಕದ ಅಂತರ್ಯುದ್ಧವು ೧೮೬೧ರಲ್ಲಿ ಆರಂಭವಾಗಿ ಅಲ್ಲಿಯ ಹತ್ತಿ ನಿಂತುಹೋದಾಗ ಧಾರವಾಡದ ಹತ್ತಿಗೆ ಬಂಗಾರದ ಬೆಲೆ ಬಂದಿತು. ಬೆಲೆಯೊಡನೆ ಬೆರಕೆಯೂ ಬಂದಿತು. ಜವಾರಿ ಮತ್ತು ವಿಲಾಯತಿಗಳನ್ನು ಕೂಡಿಸಿ, ನೀರು ಮಣ್ಣು ಕಾಳುಗಳನ್ನು ಸೇರಿಸಿ ಅಂಡಿಗೆ ಕಟ್ಟುವುದನ್ನು ತಡೆಯಲು ಮುಂಬಯಿ ಸರಕಾರವು ೧೮೬೩ರಲ್ಲಿ ಹತ್ತಿಯ ಮೋಸಗಳ ಕಾಯಿದೆಯನ್ನು ಮಾಡಿ ತಪಾಸಣೆಯ ಅಧಿಕಾರಿಗಳನ್ನು ನೇಮಿಸಿತು.

ಯುದ್ಧವು ೧೮೬೫ರ ವಸಂತದಲ್ಲಿ ಮುಗಿಯಿತು. ಬೆಲೆ ಬಿದ್ದಿತು, ಮುಂಬಯಿಯ ಪೇಟೆ ಮುಳುಗಿತು. ವಿಲಾಯತಿ ಹತ್ತಿಯು ಹೊಲದಲ್ಲಿ ಉಳಿಯಿತು, ಆದರೆ 'ಮೊದಲಿನ ಗುಣವಿಲ್ಲ, ವರ್ಷ ವರ್ಷಕ್ಕೆ ಕೆಡುತ್ತಿದೆ' ಎಂಬ ದೂರು ಹಲವು ದಶಕಗಳ ಕಾಲ ಮುಂದುವರಿಯಿತು. ಈ ಕೆಡುಕಿಗೆ ನೆಲವನ್ನು, ಹವೆಯನ್ನು, ರೈತನ ಅಲಕ್ಷ್ಯವನ್ನು, ಬೆರಕೆಯನ್ನು ಕಾರಣವೆಂದು ಹೇಳುವುದು ಸಹಜವಾಗಿದ್ದಿತು. ಇವುಗಳಲ್ಲಿ ಯಾವುದು ನಿಜ? ಇಲ್ಲಿ ಇತಿಹಾಸದ ಕಾಗದಪತ್ರಗಳು ಮೌನವಾಗುತ್ತವೆ. ಉತ್ತರಕ್ಕೆ ಸಸ್ಯದ ಜೀವಕೋಶದೊಳಗೆ ಇಣುಕಬೇಕು.

ಪ್ರತಿಯೊಂದು ಜೀವಕೋಶದ ನಡುಬೀಜದಲ್ಲಿ ವರ್ಣತಂತುಗಳೆಂಬ ಸೂಕ್ಷ್ಮವಾದ ದಾರದಂತಹ ರಚನೆಗಳಿರುತ್ತವೆ. ಒಂದೊಂದು ಜಾತಿಗೂ ಅವುಗಳ ಸಂಖ್ಯೆ ನಿಯತವಾದುದು. ಅವು ಜೋಡಿಯಾಗಿರುತ್ತವೆ, ಜೋಡಿಯಲ್ಲಿ ಒಂದು ತಾಯಿಯ ಕಡೆಯದು, ಒಂದು ತಂದೆಯ ಕಡೆಯದು. ಪರಾಗವೂ ಅಂಡವೂ ಉತ್ಪನ್ನವಾಗುವಾಗ ಜೋಡಿಗಳು ಪರಸ್ಪರ ಹೊಂದಿಕೊಂಡು ನಿಂತು, ಆಮೇಲೆ ಬೇರೆಯಾಗಿ, ಅರ್ಧರ್ಧ ಹಂಚಿಹೋಗುತ್ತವೆ. ೧೯೨೦ರ ದಶಕದಲ್ಲಿ ಹತ್ತಿಯ ವರ್ಣತಂತುಗಳನ್ನು ಎಣಿಸಿದಾಗ ತಿಳಿದ ಸಂಗತಿಯಿದು: ಗಾಸಿಪಿಯಂ ಹರ್ಬೇಸಿಯಂ ಜಾತಿಗೆ ಸೇರಿದ ನಮ್ಮ ಜವಾರಿ ಹತ್ತಿಗೆ ೨೬ ವರ್ಣತಂತುಗಳು; ಗಾಸಿಪಿಯಂ ಹಿರ್ಸೂಟಂ ಆದ ವಿಲಾಯತಿಗೆ ೫೨. ವಿಲಾಯತಿಯು ತಾನೇ ಒಂದು ಪುರಾತನ ಸಂಕರ. ಹಳೆಯ ಜಗತ್ತಿನ ಹತ್ತಿಯೊಂದೂ ಅಮೇರಿಕದ ಕಾಡುಹತ್ತಿಯೊಂದೂ ಹತ್ತು-ಇಪ್ಪತ್ತು ಲಕ್ಷ ವರ್ಷಗಳ ಹಿಂದೆ ಕೂಡಿ, ಎರಡರ ವರ್ಣತಂತುಗಳೂ ಇಮ್ಮಡಿಯಾಗಿ ಹುಟ್ಟಿದ ಜಾತಿಯದು. ೧೯೪೦ರಲ್ಲಿ ಬೀಸ್ಲಿ ಎಂಬ ಅಮೇರಿಕದ ವಿಜ್ಞಾನಿಯು ಅಂತಹ ಕೂಟವನ್ನು ಪ್ರಯೋಗದಿಂದ ಮಾಡಿ ತೋರಿಸಿದನು.

ಈಗ ಜವಾರಿ ಮತ್ತು ವಿಲಾಯತಿಗಳು ಒಂದೇ ಹೊಲದಲ್ಲಿ ಬೆರೆತು, ಜೇನು ಒಂದರ ಪರಾಗವನ್ನು ಇನ್ನೊಂದಕ್ಕೆ ಒಯ್ದಿತೆಂದು ಭಾವಿಸೋಣ. ಒಂದರಿಂದ ೧೩, ಇನ್ನೊಂದರಿಂದ ೨೬, ಒಟ್ಟು ೩೯. ಹದಿಮೂರಕ್ಕೆ ಹದಿಮೂರು ಜೋಡಿ ಸಿಕ್ಕಿದರೂ ಉಳಿದ ಹದಿಮೂರು ಒಂಟಿಯಾಗಿಯೇ ನಿಲ್ಲುತ್ತವೆ. ಅಂತಹ ಗಿಡವು ಹುಟ್ಟಿದರೂ ಬಂಜೆಯಾಗಿರುವುದೇ ನಿಯಮ. ಆದುದರಿಂದ ಜವಾರಿಯ ರಕ್ತವು ವಿಲಾಯತಿಯಲ್ಲಿ ಸೇರಿ ಅದು ಕೆಟ್ಟಿತೆಂಬ ವಿಚಾರಕ್ಕೆ ಆಧಾರವಿಲ್ಲ. ಬೆರಕೆಯು ವಂಶದಲ್ಲಿ ನಡೆದುದಲ್ಲ. ಜಿನ್ನಿನಲ್ಲಿ, ಅಂಡಿಗೆಯಲ್ಲಿ, ಬಿತ್ತನೆಯ ಕಾಳಿನ ಚೀಲದಲ್ಲಿ ನಡೆದುದು. ಜಿನ್ನಿನ ಯಂತ್ರವು ಬಂದ ಮೇಲೆ ಕಾಳು ಮನೆಯ ಸ್ತ್ರೀಯರ ಕೈಯಿಂದ ಜಾರಿ, ಹತ್ತೂರಿನ ಹತ್ತಿಯನ್ನು ಒಟ್ಟಿಗೆ ಅರೆಯುವ ಜಾಗಕ್ಕೆ ಹೋಯಿತು. ಅಲ್ಲಿಂದ ಮರಳಿ ಬಂದ ಕಾಳು ಯಾವ ಹೊಲದ್ದೆಂದು ಹೇಳುವವರಿಲ್ಲ. ಇದಕ್ಕೆ ಜತೆಯಾಗಿ ನ್ಯೂ ಆರ್ಲಿಯನ್ಸಿನಿಂದ ಬಂದ ಬೀಜವೇ ಒಂದು ಬಗೆಯದಾಗಿರಲಿಲ್ಲ, ಅನೇಕ ಬಗೆಗಳ ಸಮೂಹವಾಗಿದ್ದಿತು. ಆ ಸಮೂಹದೊಳಗೆ ಪರಸ್ಪರ ಪರಾಗಸ್ಪರ್ಶಕ್ಕೆ ತಡೆಯಿರಲಿಲ್ಲ. ಇಲ್ಲಿಯ ಬರ ಮತ್ತು ಕೆಂಪೆಲೆಯ ರೋಗಗಳಿಗೆ ತಾಳಿದ ಗಿಡಗಳು ಉಳಿದವು, ಉದ್ದನೆಯ ಎಳೆಯ ನಾಜೂಕಾದವು ಹಿಂದುಳಿದವು. ರೈತನ ಅಲಕ್ಷ್ಯವೆಂದು ಅಧಿಕಾರಿಗಳು ಬರೆದುದರಲ್ಲಿ ಬಹುಪಾಲು ಈ ಎರಡು ಕಾರಣಗಳಲ್ಲಿ ಅಡಗುತ್ತದೆಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ.

ಮುಂಬಯಿಯ ಪೇಟೆ ಮುಳುಗಿದ ೧೮೬೫ನೆಯ ವರ್ಷವೇ, ಫೆಬ್ರುವರಿ ೮ ಮತ್ತು ಮಾರ್ಚ್ ೮ರಂದು, ಬ್ರುನ್ ಪಟ್ಟಣದ ಮಠವಾಸಿಯಾದ ಗ್ರೆಗರ್ ಮೆಂಡೆಲನು ಅಲ್ಲಿಯ ನಿಸರ್ಗವಿಜ್ಞಾನ ಸಂಘದಲ್ಲಿ ಬಟಾಣಿಗಿಡಗಳ ಸಂಕರದ ಕುರಿತು ತನ್ನ ಪ್ರಬಂಧವನ್ನು ಓದಿದನು. ಧಾರವಾಡದ ಅಧಿಕಾರಿಗಳಿಗೆ ಅದು ತಿಳಿಯುವ ಸಂಭವವಿರಲಿಲ್ಲ. ಯುರೋಪಿನ ವಿದ್ವಾಂಸರೇ ಅದನ್ನು ೧೯೦೦ರವರೆಗೆ ಗಮನಿಸಲಿಲ್ಲ. ಮೆಂಡೆಲನ ಸಿದ್ಧಾಂತದ ಸಾರವಿಷ್ಟೇ: ಗುಣಗಳು ಹಾಲು ನೀರಿನಂತೆ ಬೆರೆತುಹೋಗುವುದಿಲ್ಲ, ಜೋಳದ ರಾಶಿಯಲ್ಲಿ ಬಿದ್ದ ಕಡಲೆಯಂತೆ ತಮ್ಮತನವನ್ನು ಉಳಿಸಿಕೊಂಡೇ ಇರುತ್ತವೆ. ಎರಡು ಶುದ್ಧ ಬಗೆಗಳನ್ನು ಕೂಡಿಸಿದರೆ ಮೊದಲ ತಲೆಮಾರಿನ ಗಿಡಗಳೆಲ್ಲ ಒಂದೇ ತೆರನಾಗಿರುತ್ತವೆ. ಅವುಗಳ ಬೀಜವನ್ನು ಬಿತ್ತಿದಾಗ ಮಾತ್ರ ಅಡಗಿದ್ದ ಗುಣಗಳು ನಿಯತವಾದ ಪ್ರಮಾಣದಲ್ಲಿ ಒಡೆದು ಹೊರಬೀಳುತ್ತವೆ. ಒಂದು ಜೋಡಿ ಗುಣದ ವಿಷಯದಲ್ಲಿ ಆ ಪ್ರಮಾಣವು ಮೂರಕ್ಕೆ ಒಂದು. ಈ ಗುಣವಾಹಕ ಘಟಕಕ್ಕೆ ೧೯೦೯ರಲ್ಲಿ ಜೊಹಾನ್‌ಸೆನ್ 'ಜೀನ್' ಎಂದು ಹೆಸರಿಟ್ಟನು. ನಾವು ವಂಶವಾಹಿ ಎನ್ನುತ್ತೇವೆ. ಮುಂದೆ ನರಗುಂದದ ರೈತನಿಗೆ ತಟ್ಟಿದ್ದು ಮೆಂಡೆಲನ ಈ ಎರಡನೆಯ ತಲೆಮಾರಿನ ನಿಯಮವೇ.

ಇಪ್ಪತ್ತನೆಯ ಶತಮಾನದಲ್ಲಿ ಧಾರವಾಡದ ಕೃಷಿಕ್ಷೇತ್ರವು ಈ ಹೊಸ ಶಾಸ್ತ್ರಕ್ಕೆ ಒಂದು ನೆಲೆಯಾಯಿತು. ಜಿ. ಎಲ್. ಕೊಟ್ಟೂರರು ಕುಮಟಾ ಹತ್ತಿಯ ಸುಧಾರಣೆಯನ್ನು ಕುರಿತು ೧೯೨೦ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ಒಳ್ಳೆಯ ಗಿಡಗಳನ್ನು ಆಯ್ದು, ಒಂದೊಂದರ ಸಂತತಿಯನ್ನೂ ಬೇರೆಬೇರೆಯಾಗಿ ಬೆಳೆಸಿ, ಶುದ್ಧವಾದ ಸಾಲುಗಳನ್ನು ಪಡೆಯುವುದು ಅಂದಿನ ಕ್ರಮ. ಜವಾರಿಯಲ್ಲಿ ಸೊರಗು ರೋಗವನ್ನು ತಡೆಯುವ 'ಜಯವಂತ', ಆಮೇಲೆ 'ಜಯಧರ'. ಧಾರವಾಡ-ಅಮೇರಿಕನ್ನಿನಿಂದ ಆಯ್ದ 'ಗದಗ ೧'. ಗದಗ ೧ನ್ನು ಕಾಂಬೋಡಿಯಾ ಮೂಲದ ಹತ್ತಿಯೊಡನೆ ಕೂಡಿಸಿ ಪಡೆದ 'ಲಕ್ಷ್ಮಿ' — ಈ ಹೆಸರುಗಳು ಒಂದು ಕಾಲದಲ್ಲಿ ಈ ಭಾಗದ ಮನೆಮಾತಾಗಿದ್ದವು. ಇವುಗಳೆಲ್ಲಕ್ಕೂ ಸಾಮಾನ್ಯವಾದ ಒಂದು ಲಕ್ಷಣವನ್ನು ಗಮನಿಸಬೇಕು. ಒಮ್ಮೆ ಬೀಜವನ್ನು ತಂದ ರೈತನು ಅದನ್ನೇ ಇಟ್ಟು ಹಲವು ವರ್ಷ ಬಿತ್ತಬಹುದಾಗಿದ್ದಿತು. ಸುಧಾರಣೆಯು ಸರಕಾರದ್ದು, ಬೀಜವು ರೈತನದು.

ವರಲಕ್ಷ್ಮಿಯೊಡನೆ ಈ ಸ್ಥಿತಿ ಬದಲಾಯಿತು. ಗುಜರಾತದ ಸುರತೆಯಲ್ಲಿ ಸಿ. ಟಿ. ಪಟೇಲರು ೧೯೭೦ರಲ್ಲಿ 'ಹೈಬ್ರಿಡ್-೪' ಎಂಬ ಸಂಕರ ಹತ್ತಿಯನ್ನು ಹೊರತಂದು, ಸಂಕರದ ಬೀಜವನ್ನು ವ್ಯಾಪಾರಕ್ಕಾಗಿ ಉತ್ಪಾದಿಸಬಹುದೆಂದು ತೋರಿಸಿಕೊಟ್ಟಿದ್ದರು. ಧಾರವಾಡದಲ್ಲಿ ಬಿ. ಎಚ್. ಕಟರಕಿಯವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ೧೯೭೨ರಲ್ಲಿ ಎರಡು ಬೇರೆಬೇರೆ ಜಾತಿಗಳ ಸಂಕರವನ್ನು ಬಿಡುಗಡೆ ಮಾಡಿದರು. ತಾಯಿಯು ಲಕ್ಷ್ಮಿ, ಅಂದರೆ ಹಿರ್ಸೂಟಂ. ತಂದೆಯು ಸೋವಿಯೆತ್ ದೇಶದಿಂದ ಬಂದ 'ಎಸ್.ಬಿ. ೨೮೯-ಇ', ಅಂದರೆ ಈಜಿಪ್ಟಿನ ಹತ್ತಿಯ ಬಳಗದ ಗಾಸಿಪಿಯಂ ಬಾರ್ಬಡೆನ್ಸ್. ಎರಡಕ್ಕೂ ೫೨ ವರ್ಣತಂತುಗಳಿರುವುದರಿಂದ ಜವಾರಿ-ವಿಲಾಯತಿಗಳ ನಡುವಿನ ತೊಡಕು ಇಲ್ಲಿಲ್ಲ. ಸಂಕರದ ಮೊದಲ ತಲೆಮಾರು ತಾಯಿತಂದೆಗಳಿಬ್ಬರನ್ನೂ ಮೀರಿ ಸೊಕ್ಕಿ ಬೆಳೆಯುತ್ತದೆ. ಇದನ್ನು ಸಂಕರ ಚೈತನ್ಯವೆನ್ನುವರು. ಉದ್ದನೆಯ ನಯವಾದ ಎಳೆಯನ್ನು ಈಜಿಪ್ಟ್ ಸುಡಾನುಗಳಿಂದ ತರಿಸಿಕೊಳ್ಳುತ್ತಿದ್ದ ನಮ್ಮ ಗಿರಣಿಗಳಿಗೆ ವರಲಕ್ಷ್ಮಿಯ ಅರಳೆಯು ವರವೇ ಆಯಿತು.

ಆದರೆ ಆ ಬೀಜವು ಹೇಗೆ ಸಿದ್ಧವಾಗುವುದೆಂಬುದನ್ನು ನೋಡಬೇಕು. ಹತ್ತಿಯ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಭಾಗಗಳಿರುವುದರಿಂದ, ಮರುದಿನ ಅರಳಲಿರುವ ತಾಯಿಗಿಡದ ಮೊಗ್ಗನ್ನು ಇಳಿಹೊತ್ತಿನಲ್ಲಿ ಹುಡುಕಿ, ಉಗುರಿನಿಂದ ಸುತ್ತಲೂ ಸೀಳಿ ಗಂಡು ಭಾಗವನ್ನು ಸುಲಿದು ತೆಗೆಯಬೇಕು, ಕಾಗದದಿಂದ ಮುಚ್ಚಬೇಕು, ಬೆಳಿಗ್ಗೆ ತಂದೆಗಿಡದ ಹೂವನ್ನು ತಂದು ತಾಕಿಸಿ ಗುರುತಿನ ದಾರವನ್ನು ಕಟ್ಟಬೇಕು. ಹೀಗೆ ಒಂದೊಂದು ಹೂವಿಗೂ. ಈ ಕೆಲಸವನ್ನು ಮಾಡಿದವರು ಬಹುಮಟ್ಟಿಗೆ ಹೆಂಗಸರು ಮತ್ತು ಚಿಕ್ಕ ಹುಡುಗಿಯರು. ವಿಜ್ಞಾನದ ಇತಿಹಾಸದಲ್ಲಿ ತಳಿಯ ಜನಕನ ಹೆಸರು ಉಳಿಯುತ್ತದೆ, ಅದು ಉಳಿಯಬೇಕಾದುದೇ. ಈ ಬೆರಳುಗಳ ಇತಿಹಾಸವನ್ನು ಇನ್ನೂ ಯಾರಾದರೂ ಬರೆಯಬೇಕಾಗಿದೆ. ಇಷ್ಟು ಶ್ರಮದಿಂದ ಬಂದ ಬೀಜವು ತುಟ್ಟಿಯಾಗುವುದು ಅನಿವಾರ್ಯ. ಅದನ್ನು ಕೊಂಡು ಬಿತ್ತಿದ ರೈತನು ತನ್ನ ಬೆಳೆಯ ಕಾಳನ್ನು ಇಟ್ಟುಕೊಂಡು ಮರುವರ್ಷ ಬಿತ್ತಿದರೆ ಮೆಂಡೆಲನ ನಿಯಮವು ಎದ್ದುನಿಲ್ಲುತ್ತದೆ: ಗುಣಗಳು ಒಡೆಯುತ್ತವೆ, ಒಂದು ಗಿಡ ತಾಯಿಯಂತೆ, ಒಂದು ತಂದೆಯಂತೆ, ಹಲವು ಯಾರಂತೆಯೂ ಅಲ್ಲ. ಎರಡು ಜಾತಿಗಳ ಸಂಕರದಲ್ಲಿ ಈ ಒಡಕು ಇನ್ನೂ ಹೆಚ್ಚು. ಆದುದರಿಂದ ಪ್ರತಿವರ್ಷವೂ ಹೊಸ ಬೀಜವನ್ನು ಕೊಳ್ಳಲೇಬೇಕು. ಯಾವ ಕಾಯಿದೆಯೂ ಇಲ್ಲದೆ, ಸಸ್ಯದ ಸ್ವಭಾವದಿಂದಲೇ, ಬೀಜದ ಒಡೆತನವು ಹೊಲದಿಂದ ಪೇಟೆಗೆ ಸರಿದ ಗಳಿಗೆಯಿದು.

ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನ ನೀರು ನವಲಗುಂದ ನರಗುಂದಗಳ ಎರೆಭೂಮಿಗೆ ಬಂದುದು ಇದೇ ದಶಕದಲ್ಲಿ. ಜೋಳ, ಗೋದಿ, ಕಡಲೆ, ಜವಾರಿ ಹತ್ತಿಗಳ ಹೊಲದಲ್ಲಿ ವರಲಕ್ಷ್ಮಿಯು ಕಾಲಿಟ್ಟಿತು. ಮೊದಲ ವರ್ಷಗಳ ಬೆಲೆ ಆಶೆಯನ್ನು ಹುಟ್ಟಿಸುವಂತಿದ್ದಿತು. ಆದರೆ ವರಲಕ್ಷ್ಮಿಗೆ ನೀರು ಬೇಕು, ಸರಕಾರಿ ಗೊಬ್ಬರ ಬೇಕು, ಕಾಯಿಕೊರಕ ಹುಳುವಿಗೆ ಮತ್ತೆ ಮತ್ತೆ ಔಷಧ ಬೇಕು. ಇವೆಲ್ಲಕ್ಕೂ ಸಾಲ ಬೇಕು. ಜವಾರಿ ಹತ್ತಿಯು ಕೈಕೊಟ್ಟ ವರ್ಷ ರೈತನು ಬೆಳೆಯನ್ನಷ್ಟೇ ಕಳೆದುಕೊಳ್ಳುತ್ತಿದ್ದನು. ವರಲಕ್ಷ್ಮಿಯು ಬೆಳೆದು ನಿಂತು ಬೆಲೆ ಬಿದ್ದರೂ ಅವನು ಸಾಲಗಾರನಾಗುತ್ತಿದ್ದನು. ೧೯೮೦ರ ವೇಳೆಗೆ ಬೆಲೆಯು ಕುಸಿಯಿತು. ಅದೇ ಹೊತ್ತಿಗೆ ನೀರಾವರಿಯಿಂದ ಭೂಮಿಯ ಮೌಲ್ಯವು ಹೆಚ್ಚಿತೆಂಬ ಕಾರಣದಿಂದ ಸರಕಾರವು ಅಭಿವೃದ್ಧಿ ಕರವನ್ನೂ ನೀರಿನ ಕರದ ಬಾಕಿಯನ್ನೂ ಕೇಳಿತು. ರೈತರು ಸಮನ್ವಯ ಸಮಿತಿಯನ್ನು ಕಟ್ಟಿ ಮನವಿಗಳನ್ನು ಸಲ್ಲಿಸಿದರು. ಜುಲೈ ೨೧ರಂದು ಬಂದ್ ಆಚರಿಸಿದಾಗ ನಡೆದುದನ್ನು ಆರಂಭದಲ್ಲಿ ಹೇಳಿದೆ. ಅಂದು ಪೊಲೀಸರ ಕಡೆಯಲ್ಲಿಯೂ ಪ್ರಾಣಹಾನಿಯಾಯಿತೆಂಬುದನ್ನು ಬಿಡದೆ ಹೇಳಬೇಕು. ಗುಂಡೂರಾಯರ ಸರಕಾರವು ಆಮೇಲೆ ರಿಯಾಯಿತಿಗಳನ್ನು ಘೋಷಿಸಿತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘವು ಹುಟ್ಟಿತು. ೧೯೮೩ರ ಚುನಾವಣೆಯಲ್ಲಿ ಕಾಂಗ್ರೆಸ್ಸು ಮೊದಲ ಬಾರಿಗೆ ರಾಜ್ಯದಲ್ಲಿ ಅಧಿಕಾರವನ್ನು ಕಳೆದುಕೊಂಡಿತು.

ಬಂಡಾಯಕ್ಕೆ ಬೀಜವೇ ಕಾರಣವೆಂದು ಹೇಳುವುದು ಅತಿಯಾದೀತು. ಅದು ನೀರಿನ ಕರದ ವಿರುದ್ಧ ನಡೆದ ಹೋರಾಟ. ಒಣಬೇಸಾಯದ ಸಂಕರ ಬಿತ್ತಿದ ಬೇರೆಡೆಗಳಲ್ಲಿ ಅದು ನಡೆಯಲಿಲ್ಲ. ಆದರೂ ರೈತನು ಕರವನ್ನು ತೆರಲಾರದ ಸ್ಥಿತಿಗೆ ಬಂದುದು ಹೇಗೆಂದು ಕೇಳಿದರೆ, ಲೆಕ್ಕದ ಒಂದು ಸಾಲಿನಲ್ಲಿ ಬೀಜವೂ ಔಷಧವೂ ಬರೆಯಲ್ಪಟ್ಟಿರುತ್ತವೆ. ಆ ಸಾಲನ್ನು ಓದದೆ ಒಟ್ಟು ಮೊತ್ತವನ್ನು ಹೇಳುವುದು ಇತಿಹಾಸಕಾರನಿಗೆ ತಕ್ಕುದಲ್ಲ.

ಇಲ್ಲಿಂದ ಮುಂದಿನ ಕಥೆಗೆ ವಂಶವಾಹಿಯು ಯಾವ ದ್ರವ್ಯದಿಂದಾದುದೆಂಬುದನ್ನು ತಿಳಿಯಬೇಕಾಗುತ್ತದೆ. ೧೮೬೯ರಲ್ಲಿ ಮೀಷರ್ ಎಂಬ ಸ್ವಿಸ್ ವೈದ್ಯನು ಗಾಯದ ಕೀವಿನ ಜೀವಕೋಶಗಳಿಂದ ಬೇರ್ಪಡಿಸಿದ ಒಂದು ದ್ರವ್ಯವೇ ವಂಶವಾಹಿಯ ಮೂಲವಸ್ತುವೆಂದು ೧೯೪೪ರಲ್ಲಿ ಏವರಿ ಮತ್ತು ಅವನ ಸಂಗಡಿಗರು ತೋರಿಸಿದರು. ಅದೇ ಡಿ.ಎನ್.ಎ. ವಾಟ್ಸನ್ ಮತ್ತು ಕ್ರಿಕ್ ೧೯೫೩ರಲ್ಲಿ ಅದರ ರಚನೆಯನ್ನು ವಿವರಿಸಿದರು: ಹುರಿಗೊಂಡ ಎರಡು ಎಳೆಗಳು, ಎಳೆಗಳ ನಡುವೆ ನಾಲ್ಕು ಬಗೆಯ ಕ್ಷಾರಗಳು, ಒಂದರ ಎದುರಿಗೆ ನಿಯತವಾದ ಇನ್ನೊಂದು. ನಾಲ್ಕೇ ಅಕ್ಷರಗಳ ಈ ಬರೆಹದಲ್ಲಿ ಮೂರು ಮೂರು ಅಕ್ಷರಗಳು ಕೂಡಿ ಒಂದೊಂದು ಪದವಾಗುತ್ತವೆ. ಹಾಗೆ ೬೪ ಪದಗಳು. ಅವು ೨೦ ಬಗೆಯ ಅಮೈನೋ ಆಮ್ಲಗಳನ್ನು ಸೂಚಿಸುತ್ತವೆ. ಅಮೈನೋ ಆಮ್ಲಗಳು ಸರವಾಗಿ ಹೆಣೆದುಕೊಂಡರೆ ಪ್ರೋಟೀನು. ಈ ಸಂಕೇತವನ್ನು ಬಿಡಿಸಿದ ಕಾರ್ಯಕ್ಕಾಗಿ ೧೯೬೮ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಮೂವರಲ್ಲಿ ಪಂಜಾಬದಲ್ಲಿ ಹುಟ್ಟಿದ ಹರಗೋಬಿಂದ ಖೊರಾನಾ ಒಬ್ಬರು. ಇತಿಹಾಸದ ವಿದ್ಯಾರ್ಥಿಗೆ ಮುಖ್ಯವಾದ ಮಾತೆಂದರೆ ಈ ಸಂಕೇತವು ಬಹುಮಟ್ಟಿಗೆ ಎಲ್ಲ ಜೀವಿಗಳಿಗೂ ಒಂದೇ. ಬ್ಯಾಕ್ಟೀರಿಯದಲ್ಲಿ ಬರೆದುದನ್ನು ಹತ್ತಿಯ ಗಿಡವು ಓದಬಲ್ಲದು. ವರ್ಣತಂತುಗಳ ಸಂಖ್ಯೆಯು ಜಾತಿಗಳ ನಡುವೆ ಹಾಕಿದ್ದ ಗೋಡೆಯನ್ನು ಅಕ್ಷರದ ಮಟ್ಟದಲ್ಲಿ ದಾಟಲು ಸಾಧ್ಯವಾಯಿತು. ೧೯೭೩ರಲ್ಲಿ ಕೋಹೆನ್ ಮತ್ತು ಬಾಯರ್ ಕಿಣ್ವಗಳಿಂದ ಡಿ.ಎನ್.ಎ.ಯನ್ನು ಕತ್ತರಿಸಿ ಬೇರೊಂದಕ್ಕೆ ಜೋಡಿಸಿ ಬ್ಯಾಕ್ಟೀರಿಯದಲ್ಲಿ ಬೆಳೆಸಿದರು. ಹತ್ತು ವರ್ಷಗಳಲ್ಲಿ ಸಸ್ಯಗಳಿಗೂ ಅದು ಸಾಧ್ಯವಾಯಿತು.

ಬ್ಯಾಸಿಲಸ್ ಥುರಿಂಜೆನ್ಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯವನ್ನು ೧೯೦೧ರಲ್ಲಿ ಜಪಾನಿನ ಇಶಿವಾತನು ಸಾಯುತ್ತಿದ್ದ ರೇಷ್ಮೆಹುಳುಗಳಲ್ಲಿ ಕಂಡಿದ್ದನು. ಅದರ ಹೆಸರನ್ನು ಚುಟುಕಾಗಿಸಿ 'ಬಿಟಿ' ಎನ್ನುವರು. ಅದು ಹರಳಿನ ರೂಪದ ಒಂದು ಪ್ರೋಟೀನನ್ನು ಮಾಡುತ್ತದೆ. ಹುಳುವಿನ ಕರುಳಿನಲ್ಲಿರುವ ಕ್ಷಾರದಲ್ಲಿ ಹರಳು ಕರಗಿ, ಕರುಳಿನ ಗೋಡೆಗೆ ಅಂಟಿ, ಅದನ್ನು ತೂತುಮಾಡುತ್ತದೆ. ಆಮ್ಲವಿರುವ ಮನುಷ್ಯನ ಜಠರದಲ್ಲಿ ಈ ಕ್ರಿಯೆ ನಡೆಯುವುದಿಲ್ಲ. ಈ ಪ್ರೋಟೀನಿನ ವಂಶವಾಹಿಯನ್ನು ಸಸ್ಯಗಳಲ್ಲಿ ಗಂಟುರೋಗವನ್ನುಂಟುಮಾಡುವ ಅಗ್ರೊಬ್ಯಾಕ್ಟೀರಿಯಂ ಎಂಬ ಇನ್ನೊಂದು ಬ್ಯಾಕ್ಟೀರಿಯದ ಬೆನ್ನಿಗೆ ಕಟ್ಟಿ ಹತ್ತಿಯ ಜೀವಕೋಶಕ್ಕೆ ಕಳುಹಿಸಿ, ಆ ಕೋಶದಿಂದಲೇ ಪೂರ್ಣ ಗಿಡವನ್ನು ಬೆಳೆಸುವುದು ಜೈವಿಕ ತಂತ್ರಜ್ಞಾನದ ವಿಧಾನ. ಎಲ್ಲ ಹತ್ತಿಗಳೂ ಹೀಗೆ ಕೋಶದಿಂದ ಗಿಡವಾಗಲು ಒಪ್ಪುವುದಿಲ್ಲ. ಒಪ್ಪಿದುದು 'ಕೋಕರ್' ಎಂಬ ಅಮೇರಿಕದ ದಕ್ಷಿಣ ಸೀಮೆಯ ತಳಿ. ಅದರಲ್ಲಿ ಕೂಡಿಸಿದ ವಂಶವಾಹಿಯನ್ನು ನಮ್ಮ ತಳಿಗಳಿಗೆ ಹಲವು ತಲೆಮಾರುಗಳ ಸಂಕರದಿಂದ ತರಲಾಯಿತು. ೧೮೪೦ರ ದಶಕದಂತೆ ಈ ಸಲವೂ ಮೂಲವು ಅಮೇರಿಕದ ದಕ್ಷಿಣದಿಂದಲೇ ಬಂದಿತು.

ನರಗುಂದದ ಬಂಡಾಯದಿಂದ ಬೆಳೆದ ರೈತ ಸಂಘವು ಇದನ್ನು ಸುಮ್ಮನೆ ನೋಡಲಿಲ್ಲ. ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ನೇತೃತ್ವದಲ್ಲಿ ೧೯೯೩ರಲ್ಲಿ ಬೆಂಗಳೂರಿನಲ್ಲಿ ಬೀಜ ಸತ್ಯಾಗ್ರಹವಾಯಿತು; ೧೯೯೮ರ ನವೆಂಬರಿನಲ್ಲಿ ರಾಯಚೂರು ಜಿಲ್ಲೆಯಲ್ಲಿ ಬಿಟಿ ಹತ್ತಿಯ ಪ್ರಯೋಗದ ಬೆಳೆಯನ್ನು ಕಿತ್ತು ಸುಡಲಾಯಿತು. ಅಂದು ಕೆಲವರು ಆಡಿದ ಭಯದ ಮಾತುಗಳಲ್ಲಿ ವಿಜ್ಞಾನಕ್ಕೆ ಒಪ್ಪದವೂ ಇದ್ದವೆಂಬುದನ್ನು ಒಪ್ಪಬೇಕು. ಆದರೆ ಬೀಜವು ಯಾರದು ಎಂಬ ಪ್ರಶ್ನೆಯು ಭಯದಿಂದ ಹುಟ್ಟಿದುದಲ್ಲ, ವರಲಕ್ಷ್ಮಿಯ ಅನುಭವದಿಂದ ಹುಟ್ಟಿದುದು. ೨೦೦೧ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯು ಬೀಜವನ್ನು ಇಟ್ಟುಕೊಳ್ಳುವ, ಬಿತ್ತುವ, ವಿನಿಮಯ ಮಾಡುವ ರೈತನ ಹಕ್ಕನ್ನು ಮಾನ್ಯ ಮಾಡಿತು. ಮರುವರ್ಷ, ೨೦೦೨ರ ಮಾರ್ಚ್ ೨೬ರಂದು, ಬಿಟಿ ಹತ್ತಿಗೆ ಕೇಂದ್ರದ ಅನುಮೋದನೆ ದೊರೆಯಿತು. ಅನುಮೋದನೆ ಪಡೆದ ಮೂರೂ ಸಂಕರಗಳಾಗಿದ್ದವು. ಅಮೇರಿಕ, ಚೀನಗಳಲ್ಲಿ ಇದೇ ವಂಶವಾಹಿಯನ್ನು ಸಾಮಾನ್ಯ ತಳಿಗಳಲ್ಲಿಯೂ ಕೊಟ್ಟಿದ್ದರು. ಇಲ್ಲಿ ಸಂಕರದಲ್ಲಿ ಮಾತ್ರ ಕೊಟ್ಟುದರಿಂದ ಕಾಯಿದೆಯು ಕೊಟ್ಟ ಹಕ್ಕನ್ನು ಮೆಂಡೆಲನ ನಿಯಮವು ಹಿಂದಕ್ಕೆ ಪಡೆಯಿತು. ಹತ್ತು ವರ್ಷಗಳಲ್ಲಿ ದೇಶದ ಹತ್ತಿಯ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಭಾಗವು ಬಿಟಿಯಾಯಿತು. ಹಸಿರು ಕಾಯಿಕೊರಕಕ್ಕೆ ಔಷಧ ಹೊಡೆಯುವುದು ಬಹಳ ಕಡಿಮೆಯಾದುದು ನಿಜ. ಬೀಜದೊಡನೆ ೧೨೦ ಗ್ರಾಂ ಬಿಟಿಯಲ್ಲದ ಬೀಜವನ್ನೂ ಕೊಟ್ಟು ಹೊಲದ ಅಂಚಿನಲ್ಲಿ ಬಿತ್ತಲು ಹೇಳುತ್ತಿದ್ದರು. ಪ್ರೋಟೀನಿಗೆ ಸೋಲುವ ಹುಳುಗಳ ವಂಶವು ಅಲ್ಲಿ ಉಳಿದು, ಜಗ್ಗದ ಹುಳುಗಳೊಡನೆ ಕೂಡಿ, ಜಗ್ಗದ ಗುಣವು ಬೇಗ ಹರಡದಿರಲೆಂಬುದು ಅದರ ಉದ್ದೇಶ. ಅದನ್ನು ಬಿತ್ತಿದವರು ವಿರಳ. ೨೦೦೮ರಷ್ಟಕ್ಕೆ ಗುಜರಾತದಲ್ಲಿ ಗುಲಾಬಿ ಕಾಯಿಕೊರಕವು ಮೊದಲ ಬಿಟಿ ಪ್ರೋಟೀನನ್ನು ಜಯಿಸಿದ್ದಿತು. ಹುಳುವಿನಲ್ಲಿಯೂ ವಂಶವಾಹಿಗಳಿವೆ, ಅವೂ ಆಯ್ಕೆಗೆ ಒಳಪಡುತ್ತವೆ.

ಈ ಕಥೆಯು ಕೊನೆಗೆ ಧಾರವಾಡಕ್ಕೆ ಮರಳುತ್ತದೆ. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನ ಸಂಸ್ಥೆಯು, ಧಾರವಾಡದ ಕೃಷಿ ವಿಶ್ವವಿದ್ಯಾಲಯವೇ ಮೊದಲಾದವುಗಳ ಸಹಯೋಗದಿಂದ, 'ಬಿಕಾನೇರಿ ನರ್ಮಾ' ಎಂಬ ಹಳೆಯ ತಳಿಯಲ್ಲಿ ಬಿಟಿ ವಂಶವಾಹಿಯನ್ನು ಕೂಡಿಸಿತು. ಇದು ಸಂಕರವಲ್ಲ, ರೈತನು ಕಾಳನ್ನು ಇಟ್ಟು ಮರುವರ್ಷ ಬಿತ್ತಬಹುದಾದ ಬೀಜ, ಸರಕಾರಿ ವಿಜ್ಞಾನವು ಜಯಧರ, ಲಕ್ಷ್ಮಿಗಳ ಕಾಲದಲ್ಲಿ ಕೊಟ್ಟಂತಹುದು. ೨೦೦೮ರಲ್ಲಿ ಅನುಮೋದನೆಯಾಯಿತು, ೨೦೦೯ರಲ್ಲಿ ಬೀಜ ಪೇಟೆಗೆ ಬಂದಿತು. ಆಮೇಲೆ ಪರೀಕ್ಷಿಸಿದಾಗ ಆ ಬೀಜದಲ್ಲಿ ಖಾಸಗಿ ಕಂಪನಿಯ ಬಿಟಿ ಹತ್ತಿಗೆ ವಿಶಿಷ್ಟವಾದ ಡಿ.ಎನ್.ಎ.ಯ ಗುರುತು ಕಂಡುಬಂದಿತು. ೧೮೬೩ರ ತಪಾಸಣೆಯ ಅಧಿಕಾರಿಯು ಅಂಡಿಗೆಯನ್ನು ಬಿಚ್ಚಿ ಬೆರಳುಗಳ ನಡುವೆ ಎಳೆಯನ್ನು ಎಳೆದು ಬೆರಕೆಯನ್ನು ಹಿಡಿಯುತ್ತಿದ್ದನು, ಈಗ ಡಿ.ಎನ್.ಎ.ಯ ತುಣುಕನ್ನು ಕೋಟಿಗಟ್ಟಲೆ ಪ್ರತಿಮಾಡುವ ಪಿ.ಸಿ.ಆರ್. ಎಂಬ ವಿಧಾನದಿಂದ ಹಿಡಿಯಲಾಯಿತು. ಬೀಜದ ಮಾರಾಟವು ನಿಂತಿತು. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ನೇಮಿಸಿದ ಸಮಿತಿಯು ೨೦೧೨ರಲ್ಲಿ ವರದಿಯನ್ನು ಕೊಟ್ಟು ಬೆರಕೆಯಿದ್ದುದನ್ನು ದೃಢಪಡಿಸಿತು. ರೈತರು ಆ ಬೀಜವನ್ನು ಕೊಂಡು ಬಿತ್ತಿದ್ದು ೨೦೦೯ರ ಒಂದೇ ಮುಂಗಾರಿನಲ್ಲಿ.